ಕುಂಕುಮ ಹಚ್ಚಿದ ಆಫರ್ ಲೆಟರ್

ಸಂಜೆ ಆರು ಗಂಟೆ. ಇವತ್ತು ಮನೆಯಲ್ಲಿ ನಡೆದದ್ದನ್ನು ನಿಮಗೆಲ್ಲ ಹೇಳಬೇಕು ಅನ್ನಿಸಿತು. ಡಾಕ್ಟರ ಕೈಕೆಳಗೆ ಇದ್ದು ರೋಗಿಗಳನ್ನು ನೋಡುವ ಫಿಸಿಷಿಯನ್ ಅಸಿಸ್ಟೆಂಟ್ ಓದು ಮುಗಿಸಿದ ಮಗಳು ಸುಮಾಗೆ ನೆಲಮಂಗಲದ ಆಸ್ಪತ್ರೆಯೊಂದರಿಂದ ಮೊದಲ ಆಫರ್ ಲೆಟರ್ ಬಂತು. ನನ್ನ ಅಣ್ಣ ಅದನ್ನು ಪ್ರಿಂಟ್ ಹಾಕಿಸಿ, ಅರಿಶಿನ ಕುಂಕುಮ ಹಚ್ಚಿ, ಯುಗಾದಿಗೆ ಮುಂಚೆ ತೀರಿಹೋದ ನಮ್ಮ ಯಜಮಾನರ ಫೋಟೊ ಮುಂದೆ ಇಟ್ಟ.

ಸುಮಾ ಸಹಿ ಹಾಕಲಿಲ್ಲ. ಲೆಟರಿನಲ್ಲಿದ್ದ ಭಾನುವಾರದ ಡ್ಯೂಟಿಯ ಸಾಲನ್ನು ಎರಡು ಸಲ ಓದಿ, ಆಸ್ಪತ್ರೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

"ಸರ್, ಭಾನುವಾರದ ಡ್ಯೂಟೀಲಿ ನನ್ನ ಜೊತೆ ಡಾಕ್ಟ್ರು ಇರ್ತಾರಾ?"

"ಫೋನಲ್ಲಿ ಸಿಗ್ತಾರೆ ಮೇಡಂ. ಅವರು ಬರೋವರ್ಗೂ ನೀವೇ ನೋಡ್ಕೋಬೇಕು."

"ನಮ್ಮಪ್ಪಂಗೆ ಎದೆನೋವು ಬಂದಾಗ್ಲೂ ಡಾಕ್ಟ್ರು ಫೋನಲ್ಲೇ ಸಿಕ್ಕಿದ್ರು ಸರ್. ಪಕ್ಕದಲ್ಲಿ ಇರ್ತಾರೆ ಅಂತ ಬರ್ಕೊಡಿ, ಬರ್ತೀನಿ."

"ಹಾಗೆಲ್ಲ ಬರ್ಕೊಡಕ್ಕಾಗಲ್ಲ."

"ಹಾಗಾದ್ರೆ ನನಗೆ ಬೇಡ ಸರ್."

ಅಣ್ಣ ಎದ್ದೇ ನಿಂತ. "ಲೇ ಸುಮಾ, ಕುಂಕುಮ ಹಚ್ಚಿದ ಕಾಗದಾನ ಬೇಡ ಅಂತೀಯಲ್ಲೇ!"

"ಓದ್ಬಿಟ್ಟು ಹಚ್ಚಬೇಕಿತ್ತು ಮಾವ."

ಯಜಮಾನರು ಹೋದ ದಿನ ಆಸ್ಪತ್ರೆಯಲ್ಲಿ ನಾನು ಯಾರನ್ನೂ ಏನೂ ಕೇಳಿರಲಿಲ್ಲ. ಇವಳು ಹೀಗೆ ಕೇಳುವುದನ್ನು ಎಲ್ಲಿ ಕಲಿತಳೋ ಎಂದು ಅವಳ ಮುಖವನ್ನೇ ನೋಡುತ್ತ ಕುಳಿತೆ. ಅಣ್ಣ ಮಾತ್ರ ಸಿಟ್ಟಿನಲ್ಲೇ ಎರಡು ಲೋಟ ಕಾಫಿ ಕುಡಿದ.

ನಾಳೆ ಬೆಳಿಗ್ಗೆ ಏಳೂವರೆ ಬಸ್ಸಿಗೆ ಅವಳು ಹೊಸಕೋಟೆಗೆ ಇನ್ನೊಂದು ಇಂಟರ್ವ್ಯೂಗೆ ಹೋಗುತ್ತಾಳೆ.