ಹತ್ತದೆ ಬರೆದ ಬೀಗ

ಮೀಟರಕ್ಕ ಎಂದರೆ ಗುಡ್ಡದ ಬದಿಯ ಏಳು ಬೀದಿಗಳಿಗೂ ಗೊತ್ತು. ಇಪ್ಪತ್ತಾರು ವರ್ಷಗಳಿಂದ ಎರಡು ತಿಂಗಳಿಗೊಮ್ಮೆ ಬಂದು ಕರೆಂಟಿನ ಮೀಟರು ಓದಿಕೊಂಡು ಹೋಗುವವಳು. ಯಾರ ಮನೆಯ ನಾಯಿ ಬರಿದೇ ಬೊಗಳುತ್ತದೆ, ಯಾರದು ಸದ್ದಿಲ್ಲದೆ ಬಂದು ಕಚ್ಚುತ್ತದೆ, ಯಾರ ಮನೆಗೆ ಹೊಸದಾಗಿ ಗೀಸರು ಬಂದಿದೆ, ಯಾವ ಗಂಡ ಹೆಂಡತಿ ಮುನಿಸಿಕೊಂಡು ಎರಡು ಕೋಣೆಯಲ್ಲಿ ಎರಡು ಫ್ಯಾನು ಹಾಕಿಕೊಂಡು ಮಲಗುತ್ತಿದ್ದಾರೆ, ಇದೆಲ್ಲ ಅವಳಿಗೆ ಮೀಟರೇ ಹೇಳುತ್ತಿತ್ತು. ತಿಳಿದದ್ದನ್ನು ಅವಳು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತಿದ್ದಳು. ಆ ಒಂದು ಗುಣಕ್ಕೇ ಜನ ಅವಳನ್ನು ಮೆಚ್ಚಿಕೊಂಡಿದ್ದರು. ಬಾಗಿಲಲ್ಲಿ ನಿಲ್ಲಿಸಿ ನೀರು ಕೊಡುತ್ತಿದ್ದರು, ಮಗಳ ಮದುವೆಯ ಚಿಂತೆಯಿಂದ ಹಿಡಿದು ಮಂಡಿನೋವಿನ ಎಣ್ಣೆಯವರೆಗೆ ಎಲ್ಲವನ್ನೂ ಅವಳ ಕಿವಿಗೆ ಹಾಕುತ್ತಿದ್ದರು.

ಮಂಡಿನೋವಿನ ಎಣ್ಣೆ ಈಚೆಗೆ ಅವಳಿಗೇ ಬೇಕಾಗಿತ್ತು. ಐದನೆಯ ಬೀದಿಯ ತುದಿಯಲ್ಲಿ ಕಲ್ಲಿನ ಮೆಟ್ಟಿಲುಗಳು ಶುರುವಾಗುತ್ತಿದ್ದವು. ಒಟ್ಟು ನೂರ ಹನ್ನೆರಡು. ಅಷ್ಟನ್ನೂ ಹತ್ತಿದರೆ ಸಿಗುತ್ತಿದ್ದದ್ದು ಒಂದೇ ಮನೆ. ಹಳೆಯ ಕುರ್ಚಿಗಳಿಗೆ ಬೆತ್ತ ಹೆಣೆದು ಕೊಡುವ ಹೆಂಗಸು ಅಲ್ಲಿ ತನ್ನ ಅತ್ತೆಯೊಂದಿಗೆ ಇದ್ದಳು. ಗಂಡ ತೀರಿಕೊಂಡ ಮೇಲೆ ಎಲ್ಲರೂ ಅತ್ತೆಯನ್ನು ನಾದಿನಿಯ ಮನೆಗೆ ಕಳಿಸು ಎಂದರೂ ಅವಳು ಕಳಿಸಿರಲಿಲ್ಲ. ಅತ್ತೆಗೆ ಕಾಲಲ್ಲಿ ಬಲವಿಲ್ಲದಿದ್ದರೂ ಬಾಯಲ್ಲಿ ಬೇಕಾದಷ್ಟಿತ್ತು. ಇಬ್ಬರೂ ಹಗಲೆಲ್ಲ ಜಗಳವಾಡುತ್ತ, ನಡುನಡುವೆ ನಗುತ್ತ, ಬೆತ್ತ ನೆನೆಹಾಕಿ ಸೀಳುತ್ತ ಕಾಲ ಕಳೆಯುತ್ತಿದ್ದರು.

ವರ್ಷದ ಮೊದಲಲ್ಲಿ ಮೀಟರಕ್ಕ ಆ ಮೆಟ್ಟಿಲುಗಳನ್ನು ಹತ್ತಿದಾಗ ಗೇಟಿಗೆ ನಿಜವಾಗಿಯೂ ಬೀಗ ಬಿದ್ದಿತ್ತು. ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದರಂತೆ. ಒಳಗಿದ್ದ ಮೀಟರಿನವರೆಗೆ ಹೋಗಲಾಗದೆ ಪುಸ್ತಕದಲ್ಲಿ ‘ಬೀಗ’ ಎಂದು ಬರೆದು, ಮಂಡಿ ಹಿಡಿದುಕೊಂಡು ಇಳಿದಳು. ಎರಡು ತಿಂಗಳ ನಂತರ ಮತ್ತೆ ಬಂದಾಗ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದಳು. ಬಿಸಿಲು ಸುಡುತ್ತಿತ್ತು. ಇವತ್ತೂ ಇರಲಾರರು ಎಂದು ತನಗೆ ತಾನೇ ಹೇಳಿಕೊಂಡು ‘ಬೀಗ’ ಎಂದು ಬರೆದಳು. ಮೂರನೆಯ ಸಲವಂತೂ ಬೆತ್ತದವಳು ಮೇಲಿನಿಂದಲೇ ಕಂಡು ಕೈ ಬೀಸಿದಳು. ಇವಳೂ ನಗುತ್ತ ಕೈ ಬೀಸಿದಳು. ಅದೇ ಕೈಯಿಂದ ‘ಬೀಗ’ ಎಂದು ಬರೆದಳು. ಒಮ್ಮೆ ಬರೆದು ಅಭ್ಯಾಸವಾದ ಕೈಗೆ ಅದು ಭಾರವೆನಿಸಲಿಲ್ಲ. ಬೀಗ ಬಿದ್ದ ಮನೆಗೆ ಕನಿಷ್ಠದ ಬಿಲ್ಲು ಹೋಗುತ್ತದೆ, ಯಾರಿಗೇನು ನಷ್ಟ?

ಬೇಸಿಗೆಯ ಕೊನೆಗೆ ಕಾಡಿನ ಬೆಂಕಿ ಗುಡ್ಡ ಇಳಿದು ಬಂತು. ಒಣಗಾಳಿಯ ಮಧ್ಯಾಹ್ನ, ಒಂದು ಗಂಟೆಯೊಳಗೆ ಮೇಲಿನ ಸಾಲಿನ ಮೂವತ್ತೊಂದು ಮನೆಗಳು ಹೋದವು. ಬೆತ್ತದವಳು ಅತ್ತೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ನೂರ ಹನ್ನೆರಡು ಮೆಟ್ಟಿಲು ಇಳಿದಳು ಎಂದು ಊರೆಲ್ಲ ಆಡಿಕೊಂಡಿತು. ಆ ಮಾತು ಕೇಳಿದಾಗ ಮೀಟರಕ್ಕನ ಮಂಡಿ ಚುಳುಕ್ಕೆಂದಿತು.

ಸರ್ಕಾರ ತುರ್ತು ಪರಿಹಾರ ಕೊಡುತ್ತದೆಂದು ಸುದ್ದಿಯಾದ ಮರುದಿನವೇ ಶಾಲೆಯ ಸಭಾಂಗಣದಲ್ಲಿ ಮೇಜು ಹಾಕಿದರು. ಪರಿಹಾರದ ಅಧಿಕಾರಿ ಒಳ್ಳೆಯ ಮನುಷ್ಯನೇ. ಆದರೆ ತಲೆ ಚಿಟ್ಟು ಹಿಡಿಯುವಷ್ಟು ಅರ್ಜಿ ಬಂದಿದ್ದವು. ಹತ್ತು ವರ್ಷದಿಂದ ಖಾಲಿ ಬಿದ್ದ ಮನೆಗಳ ಯಜಮಾನರು ಎಲ್ಲೆಲ್ಲಿಂದಲೋ ಬಂದು ಸಾಲು ನಿಂತಿದ್ದರು. ನಿಜವಾಗಿ ವಾಸವಿದ್ದವರ ಕಾಗದಪತ್ರಗಳು ಸುಟ್ಟುಹೋಗಿದ್ದವು. ಇವರಲ್ಲಿ ಯಾರು ಇದ್ದವರು, ಯಾರು ಇಲ್ಲದವರು ಎಂದು ಹೇಗೆ ತಿಳಿಯುವುದು ಎಂದು ಅಧಿಕಾರಿ ತಲೆಯ ಮೇಲೆ ಕೈ ಹೊತ್ತು ಕೂತಾಗ, ಬೀದಿಗಳ ಪರಿಚಯವಿದೆಯೆಂದು ಕರೆಸಿಕೊಂಡಿದ್ದ ಮೀಟರಕ್ಕನೇ ಬಾಯಿ ಬಿಟ್ಟಳು.

“ನನ್ನ ಪುಸ್ತಕ ನೋಡಿ ಸಾರ್. ಜನ ಏನಾದ್ರೂ ಹೇಳ್ಬಹುದು, ಮೀಟರು ಸುಳ್ಳು ಹೇಳಲ್ಲ.”

ಅಷ್ಟು ಹೇಳುವಾಗ ಅವಳಿಗೆ ಎದೆ ತುಂಬಿತ್ತು. ಇಪ್ಪತ್ತಾರು ವರ್ಷ ಯಾರೂ ಕೇಳದ ಪುಸ್ತಕವನ್ನು ಈಗ ಸರ್ಕಾರ ಕೇಳುತ್ತಿತ್ತು. ಅಧಿಕಾರಿಗೂ ಅದು ಒಪ್ಪಿಗೆಯಾಯಿತು. ಹಿಂದಿನ ಮೂರು ಓದಿನಲ್ಲಿ ಒಂದರಲ್ಲಾದರೂ ಮೀಟರು ಓಡಿದ್ದರೆ ವಾಸವಿದ್ದ ಮನೆ. ಮೂರರಲ್ಲೂ ಬೀಗವಿದ್ದರೆ ಖಾಲಿ ಮನೆ. ನಿಯಮ ಸರಳವಾಗಿತ್ತು, ನ್ಯಾಯವಾಗಿಯೂ ಕಂಡಿತು. ಸಾಲಿನಲ್ಲಿದ್ದವರೂ ತಲೆದೂಗಿದರು.

ಎರಡನೆಯ ದಿನ ಬೆತ್ತದವಳ ಸರದಿ ಬಂತು. ಯಾರೋ ಕೊಟ್ಟ ದೊಗಳೆ ಬಟ್ಟೆ ತೊಟ್ಟಿದ್ದಳು. ಉಗುರುಗಳ ಸಂದಿಯಲ್ಲಿ ಇನ್ನೂ ಮಸಿಯಿತ್ತು. ಮೀಟರಕ್ಕನನ್ನು ಮೇಜಿನ ಹಿಂದೆ ಕಂಡು ಅವಳ ಮುಖ ಅರಳಿತು. ಗೊತ್ತಿದ್ದವರು ಒಬ್ಬರಾದರೂ ಇದ್ದಾರೆ ಎಂಬಂತೆ ಅವಳ ಕಡೆಗೇ ನೋಡುತ್ತ ನಿಂತಳು.

ಅಧಿಕಾರಿ ಪುಟ ತಿರುವಿದರು. “ಮೂರು ಸಲಾನೂ ಬೀಗ ಅಂತಿದೆಯಲ್ಲಮ್ಮ?”

“ಇಲ್ಲ ಸಾರ್, ನಾವು ಅಲ್ಲೇ ಇದ್ವಿ. ಒಂದು ಸಲ ಮಾತ್ರ ಆಸ್ಪತ್ರೆಗೆ ಹೋಗಿದ್ವಿ. ಬೇಕಾದ್ರೆ ಅಕ್ಕನ್ನೇ ಕೇಳಿ.”

ಅಧಿಕಾರಿ ಇವಳತ್ತ ತಿರುಗಿದರು. “ಇದು ನೀವೇ ಬರೆದಿದ್ದು ತಾನೆ?”

“ಹೌದು ಸಾರ್, ನನ್ನದೇ ಕೈ,” ಎಂದಳು ಮೀಟರಕ್ಕ.

ಬೆತ್ತದವಳು ಒಂದು ಕ್ಷಣ ಕಾದಳು. ಅಕ್ಕ ಇನ್ನೇನೋ ಹೇಳುತ್ತಾಳೆ ಎಂದು ಕಾದಳು. ಆಮೇಲೆ ಯಾರನ್ನೂ ಬಯ್ಯದೆ, ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿಕೊಂಡು ಹೊರಗೆ ಹೋದಳು. ಅವಳ ಹಿಂದೆಯೇ ನಿಂತಿದ್ದವರು ಮೇಲಿನ ಸಾಲಿನ ದೊಡ್ಡ ಬಂಗಲೆಯ ಯಜಮಾನರು. ವರ್ಷಕ್ಕೆ ಎರಡು ಸಲ ಬಂದು ವಾರವಿದ್ದು ಹೋಗುವವರು. ಆದರೆ ಅವರ ತೋಟದ ದೀಪಗಳು ದಿನಾ ಸಂಜೆ ತಾವಾಗಿಯೇ ಹೊತ್ತಿಕೊಳ್ಳುವಂತಿದ್ದವು. ಮೀಟರು ಚೆನ್ನಾಗಿ ಓಡಿತ್ತು. ಅವರ ಅರ್ಜಿಗೆ ಅಲ್ಲೇ ಮುದ್ರೆ ಬಿತ್ತು.

ಮೀಟರಕ್ಕನ ಮನೆಗೆ ಹೊಸ ಫ್ರಿಜ್ಜು ಬಂದಿತ್ತು. ಎರಡು ದಿನಕ್ಕಿಂತ ಹೆಚ್ಚು ಕರೆಂಟಿಲ್ಲದವರಿಗೂ ಒಂದು ಪಾಲು ಪರಿಹಾರವಿತ್ತು. ಮೀಟರಕ್ಕನ ಬೀದಿಯಲ್ಲಿ ಒಂದು ಹುಲ್ಲುಕಡ್ಡಿಯೂ ಸುಟ್ಟಿರಲಿಲ್ಲ, ಹಾಲು ಮಾತ್ರ ಒಡೆದಿತ್ತು. ಆದರೂ ಮೊದಲ ದಿನವೇ ದುಡ್ಡು ಕೈಗೆ ಬಂತು, ಗಂಡ ಫ್ರಿಜ್ಜು ತಂದ. ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತನಾದವನು. ಈಗಲೂ ಊಟ ಮುಗಿದ ಕೂಡಲೇ ತಟ್ಟೆಗೆ ಎರಡು ಸಲ ಬಡಿದು “ರೈಟ್” ಎನ್ನುತ್ತಿದ್ದ. ಅಂದು ಅವಳು ನಡೆದದ್ದನ್ನೆಲ್ಲ ಹೇಳಿದಾಗ ಮಾತ್ರ ತಟ್ಟೆ ಬಡಿಯಲಿಲ್ಲ.

“ಇನ್ನು ಮೂರು ವರ್ಷ ಇದೆ ನಿನಗೆ. ಬಾಯಿ ಮುಚ್ಕೊಂಡಿದ್ರೆ ಪಿಂಚಣಿ. ಬಾಯಿ ಬಿಟ್ರೆ ಪುಸ್ತಕ ಪೂರ್ತಿ ಕೆದಕ್ತಾರೆ. ಕೊನೆ ಸ್ಟಾಪಿನಲ್ಲಿ ಬಸ್ಸು ಗುದ್ದಿಸಬೇಡ ಮಾರಾಯ್ತಿ.”

ಅವನ ಮಾತು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ಎಂದಿನಂತೆ ಬೆಳಿಗ್ಗೆ ದೇವರ ಮುಂದೆ ಕೂತಳು. ಕೇಳಿಕೊಳ್ಳಬೇಕೆಂದಿದ್ದು ಏನೋ, ಕೈ ಮುಗಿದರೆ ನೆನಪಾಗುತ್ತಿದ್ದದ್ದು ಬೀಸಿದ ಕೈ. ಬೆನ್ನ ಹಿಂದೆ ಹೊಸ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಮೂರು ದಿನ ಹೀಗೇ ಕಳೆದಳು. ಆ ಮೂರು ದಿನವೂ ಫ್ರಿಜ್ಜಿನ ನೀರು ಮುಟ್ಟದೆ ಮಡಕೆಯದನ್ನೇ ಕುಡಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಚೀಲ ಹಾಕಿಕೊಂಡು ಶಾಲೆಗೆ ಹೋದಳು. ಮನೆ ಕಳೆದುಕೊಂಡವರು ಅಲ್ಲಿಯ ತರಗತಿಗಳಲ್ಲೇ ಮಲಗುತ್ತಿದ್ದರು. ಬೆತ್ತದವಳು ಜಗುಲಿಯಲ್ಲಿ ಕೂತು ಶಾಲೆಯದೇ ಮುರಿದ ಕುರ್ಚಿಯೊಂದಕ್ಕೆ ಪ್ಲಾಸ್ಟಿಕ್ಕಿನ ಹುರಿ ಹೆಣೆಯುತ್ತಿದ್ದಳು. ಕೈ ಸುಮ್ಮನಿರುವುದಿಲ್ಲ ಅಕ್ಕ ಎಂದು ನಕ್ಕಳು. ಮೇಲೆ ಹೋಗಿ ಮೀಟರು ನೋಡೋಣ, ಬಾ ಎಂದಳು ಮೀಟರಕ್ಕ. ಸುಟ್ಟ ಮನೆಗೆ ಎಂಥ ಮೀಟರು ಎಂದು ಕೇಳಿದರೂ ಅವಳು ಎದ್ದು ಬಂದಳು.

ಮೆಟ್ಟಿಲುಗಳ ಮೇಲೆ ಬೂದಿ ಮೆತ್ತಗೆ ಹಾಸಿತ್ತು. ಮೂವತ್ತನೆಯದಕ್ಕೆ ಮೀಟರಕ್ಕನಿಗೆ ಏದುಸಿರು ಹತ್ತಿತು. ಐವತ್ತರಲ್ಲಿ ಕೂತುಬಿಟ್ಟಳು. ಕೂತಲ್ಲಿಂದಲೇ ಹೇಳಿದಳು.

“ಎರಡು ಸಲ ನಾನು ಹತ್ತಲೇ ಇಲ್ಲ. ಕೆಳಗೆ ನಿಂತು ಬೀಗ ಅಂತ ಬರೆದೆ. ನೀನು ಕೈ ಬೀಸಿದೆಯಲ್ಲ, ಅವತ್ತೂ ಅದನ್ನೇ ಬರೆದೆ. ಆ ನಿಯಮ ಮಾಡಿಸಿದ್ದೂ ನಾನೇ.”

ಬೆತ್ತದವಳು ಎರಡು ಮೆಟ್ಟಿಲು ಮೇಲೆ ನಿಂತಿದ್ದಳು.

“ಬಿಲ್ಲು ಕಡಿಮೆ ಬಂದಾಗ ನಾವು ಬೇರೇನೇ ಅಂದ್ಕೊಂಡಿದ್ವಿ,” ಎಂದಳು. “ಅತ್ತೆ ಆಸ್ಪತ್ರೆ ಖರ್ಚು ನೋಡಿ ಅಕ್ಕ ಬೇಕಂತಲೇ ಹಾಗೆ ಬರೀತಾರೆ, ಪಾಪ, ಅಂತ. ನಮ್ಮತ್ತೆ ದಿನಾ ಪ್ರಾರ್ಥನೆಯಲ್ಲಿ ನಿಮ್ಮ ಹೆಸರೂ ಸೇರಿಸ್ತಾರೆ.”

ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೀಟರಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಬೂದಿ ಇನ್ನಷ್ಟು ಮೆತ್ತಿತು.

“ಅತ್ತೆಗೆ ಇದನ್ನ ಹೇಳ್ಬೇಡಿ,” ಎಂದಳು ಬೆತ್ತದವಳು. “ಹೇಳೋದಾದ್ರೆ ನಾನೇ ಯಾವತ್ತಾದ್ರೂ ಹೇಳ್ತೀನಿ.” ಕ್ಷಮಿಸಿದೆ ಎನ್ನಲಿಲ್ಲ. ಕೈಯನ್ನೂ ಕೊಡಲಿಲ್ಲ. ಆದರೆ ಮುಂದೆ ಹತ್ತುವಾಗ ಇವಳ ಹೆಜ್ಜೆಗೆ ಸರಿಯಾಗಿ ನಿಧಾನಿಸಿದಳು.

ಮನೆಯೆಂದರೆ ಅಲ್ಲಿ ಮೊಣಕಾಲೆತ್ತರದ ಕಪ್ಪು ಗೋಡೆಗಳಷ್ಟೇ ಉಳಿದಿದ್ದವು. ಒಳಗೆ ಕುರ್ಚಿಗಳ ಮೊಳೆಗಳು ರಾಶಿರಾಶಿಯಾಗಿ ಬಿದ್ದಿದ್ದವು. ಆದರೆ ಗೇಟಿನ ಒಳಗಿನ ಕಲ್ಲುಕಂಬ ನೆಟ್ಟಗೆ ನಿಂತಿತ್ತು. ಅದರ ಗೂಡಿನಲ್ಲಿ ಕಬ್ಬಿಣದ ಪೆಟ್ಟಿಗೆಯ ಹಳೆಯ ಕಾಲದ ಮೀಟರು ಹಾಗೆಯೇ ಇತ್ತು. ಗಾಜು ಬಿರುಕು ಬಿಟ್ಟು ಹೊಗೆ ಹಿಡಿದಿತ್ತು. ಮೀಟರಕ್ಕ ಚೀಲದಿಂದ ಬಟ್ಟೆ ತೆಗೆದು, ನೀರು ಹಾಕಿ, ಮಗುವಿನ ಮುಖ ಒರೆಸುವಂತೆ ಒರೆಸಿದಳು. ಕನ್ನಡಕ ಏರಿಸಿ ನೋಡಿದಳು. ಅಂಕಿಗಳು ನಿಂತಲ್ಲೇ ನಿಂತಿದ್ದವು. ವರ್ಷದ ಮೊದಲಿಗಿಂತಲೂ ಹಿಂದಿನ ಓದಿಗೂ ಇದಕ್ಕೂ ಇದ್ದ ಅಂತರ ಒಂದು ದೀಪ, ಒಂದು ಫ್ಯಾನು, ಅತ್ತೆಗೆ ಬಿಸಿನೀರು ಕಾಯಿಸುವ ಒಂದು ಕಾಯಿಲ್, ಎಲ್ಲಕ್ಕೂ ಸರಿಹೊಂದುತ್ತಿತ್ತು. ಆರೇಳು ತಿಂಗಳ ಸಂಸಾರ ಆ ಐದು ಅಂಕಿಗಳಲ್ಲಿತ್ತು. ಜನ ಏನಾದರೂ ಹೇಳಬಹುದು, ಮೀಟರು ಸುಳ್ಳು ಹೇಳಿರಲಿಲ್ಲ.

ಅವಳು ಅಂಕಿಗಳನ್ನು ಬರೆದುಕೊಂಡಳು. ಪಕ್ಕದ ಷರಾ ಎಂಬ ಜಾಗದಲ್ಲಿ, ಹಿಂದಿನ ಎರಡು ಬೀಗಗಳು ಮನೆಯವರೆಗೆ ಹೋಗದೆ ಬರೆದವು ಎಂದು ಬರೆದು ಸಹಿ ಹಾಕಿದಳು.

“ಹಾಗಾದ್ರೆ ಈಗ ಅಷ್ಟಕ್ಕೂ ಬಿಲ್ಲು ಬರುತ್ತಾ ಅಕ್ಕ?” ಎಂದು ಬೆತ್ತದವಳು ಕೇಳಿದಳು.

“ಬರುತ್ತೆ. ಅದನ್ನ ನಾನು ಕಟ್ತೀನಿ. ಆ ಬಿಲ್ಲೇ ನಿನಗೆ ಈಗ ಸಾಕ್ಷಿ.”

“ಮನೆ ಸುಟ್ಟ ಮೇಲೆ ಕರೆಂಟ್ ಬಿಲ್ಲಿಗೆ ಕಾಯೋಳು ಈ ಊರಲ್ಲಿ ನಾನೊಬ್ಳೇ ಇರ್ಬೇಕು,” ಎಂದಳು ಅವಳು. ನಗು ಅರ್ಧಕ್ಕೇ ನಿಂತಿತು. ಕಾಲಬುಡದ ಮೊಳೆಗಳನ್ನು ಆರಿಸತೊಡಗಿದಳು.

ಸಭಾಂಗಣದಲ್ಲಿ ಅಧಿಕಾರಿ ಷರಾ ಓದಿ ಪೆನ್ನು ಕೆಳಗಿಟ್ಟರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಇಷ್ಟೆಲ್ಲ ಯಾಕೆ ಬರೆದಿರಿ, ಬೇರೆ ಮನೆಯ ಸಾಲು ಇಲ್ಲಿ ತಪ್ಪಿ ಬಿದ್ದಿದೆ, ಕೈತಪ್ಪು ಎಂದರೆ ಸಾಕಿತ್ತು, ಇನ್ನೊಂದು ಹಾಳೆ ತೆಗೆದುಕೊಳ್ಳಿ ಎಂದರು. ಅವರು ಒಳ್ಳೆಯದಕ್ಕೇ ಹೇಳುತ್ತಿದ್ದರು.

“ಕೈ ತಪ್ಪಲಿಲ್ಲ ಸಾರ್. ನಾನು ಹೋಗಲಿಲ್ಲ.”

ಅವರು ನಿಟ್ಟುಸಿರಿಟ್ಟು ಬೆತ್ತದವಳ ಅರ್ಜಿಯನ್ನು ಮತ್ತೆ ತರಿಸಿಕೊಂಡರು. ಈ ಹಾಳೆಯನ್ನು ತಾನು ಮೇಲಿನವರಿಗೆ ಕಳಿಸಲೇಬೇಕಾಗುತ್ತದೆ, ಆಮೇಲೆ ತನ್ನ ಕೈಯಲ್ಲಿ ಏನೂ ಇರುವುದಿಲ್ಲ ಎಂದರು. ಮೀಟರಕ್ಕ ತಲೆಯಾಡಿಸಿದಳು. ಆದರೆ ಏಳಲಿಲ್ಲ. ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಕೂತೇ ಇದ್ದಳು.

“ಮತ್ತೇನು?” ಎಂದರು ಅಧಿಕಾರಿ.

“ಇಂಥವು ಇನ್ನೂ ನಾಲ್ಕು ಮನೆ ಇದಾವೆ ಸಾರ್.”

ಅವರು ಪುಸ್ತಕ ಅವಳತ್ತ ತಳ್ಳಿದರು. ಅವಳೇ ಪುಟ ತೆಗೆದು ತೋರಿಸಿದಳು. ಎರಡು ಮನೆಗಳಿಗೆ ಏನೂ ಆಗಿರಲಿಲ್ಲ. ಒಂದು ಅರ್ಧ ಸುಟ್ಟಿತ್ತು, ಅವರು ಅರ್ಜಿಯನ್ನೇ ಹಾಕಿರಲಿಲ್ಲ. ನಾಲ್ಕನೆಯದು ಮರ ಕೊಯ್ಯುವ ಸಾಮಿಲ್ಲಿನ ಹಿಂದಿನ ದಿಣ್ಣೆಯದು, ಪೂರ್ತಿ ಹೋಗಿತ್ತು. ಆ ಮನೆಯ ಅರ್ಜಿ ತಿರಸ್ಕೃತವಾದವುಗಳ ಕಟ್ಟಿನಲ್ಲಿತ್ತು. ಮೊದಲನೆಯ ದಿನವೇ ಬಂದಿದ್ದನಂತೆ ಆ ಮನುಷ್ಯ. ಮೂರೂ ಬೀಗ ಎಂದು ಹೇಳಿದಾಗ ಮೇಜು ಕುಟ್ಟಿ, ಕಿರುಚಾಡಿ, ಇಂಥ ಊರೇ ಬೇಡವೆಂದು ಹೊರಟುಹೋಗಿದ್ದ. ವಿಳಾಸವೆಂದು ಬರೆದದ್ದು ಸುಟ್ಟ ಮನೆಯದೇ.

“ನೀವೂ ಇಲ್ಲೇ ಕೂತಿದ್ರಲ್ಲ ಅವತ್ತು. ಗುರುತು ಸಿಗಲಿಲ್ವಾ?”

ಮೀಟರಕ್ಕ ನೆನಪಿಸಿಕೊಳ್ಳಲು ನೋಡಿದಳು. ಕಿರುಚಿದ್ದು ನೆನಪಿತ್ತು, ಮೇಜಿನ ಮೇಲೆ ಬಿದ್ದ ಮುಷ್ಟಿ ನೆನಪಿತ್ತು. ಇವನು ಸುಳ್ಳು ಹೇಳಿ ದುಡ್ಡು ಹೊಡೆಯಲು ಬಂದ ಯಾರೋ ಎಂದು ತಾನು ಅಂದುಕೊಂಡದ್ದೂ ನೆನಪಿತ್ತು. ಮುಖ ಮಾತ್ರ ನೆನಪಿಗೆ ಹತ್ತಲಿಲ್ಲ. ಆ ಬಾಗಿಲಿಗೆ ಅವಳು ಹೋಗಿ ವರ್ಷದ ಮೇಲಾಗಿತ್ತು. ಹಳೆಯ ಬಾಡಿಗೆಯವರು ಹೋಗಿ ಇವನು ಬಂದದ್ದೇ ಅವಳಿಗೆ ಗೊತ್ತಿರಲಿಲ್ಲ.

ಅವಳು ಎದ್ದಳು. ಸಾಮಿಲ್ಲಿನಲ್ಲಿ ಯಾರಿಗಾದರೂ ಅವನ ವಿಷಯ ತಿಳಿದಿರಬಹುದು ಎಂದಳು. ಮಂಡಿಗೆ ಬಟ್ಟೆ ಬಿಗಿದುಕೊಂಡು, ಬಿಸಿಲಿಗೆ ಸೆರಗು ಹೊದ್ದು, ದಿಣ್ಣೆಯ ಕಡೆಗೆ ನಡೆದಳು.