ಮಸೀದಿ ಬಾಗಿಲಲ್ಲಿ ಮಾವನವರ ಕೋಟು

ನನ್ನ ಮಾವನವರು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ತುಮಕೂರು ಸೀಮೆಯ ಮಿಡ್ಲ್ ಸ್ಕೂಲುಗಳಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿ ನಿವೃತ್ತರಾಗಿ, ಅತ್ತೆಯವರ ಜೊತೆ ನಮ್ಮಲ್ಲಿಗೆ, ರಾಜಾಜಿನಗರಕ್ಕೆ ಬಂದಿದ್ದರು. ಪಾಠ ಕೇಳಲು ಮಕ್ಕಳಿಲ್ಲದ ಮೇಷ್ಟರ ಕೈಗೆ ಸೊಸೆ ಸಿಕ್ಕರೆ ಏನಾಗುತ್ತದೆ ಎಂಬುದನ್ನು ನನ್ನ ಪಾದಗಳನ್ನು ಕೇಳಬೇಕು. ಬೆಂಗಳೂರಿನಲ್ಲಿ ಹಳೆಯದು ಅನ್ನಿಸಿಕೊಂಡ ಒಂದು ಕಲ್ಲನ್ನೂ ಅವರು ನನಗೆ ತೋರಿಸದೆ ಬಿಡಲಿಲ್ಲ.

ಇದು ಐವತ್ತರ ದಶಕದ ನಡುವಿನ ಮಾತು. ರಾಜಾಜಿನಗರವೆಂದರೆ ಆಗ ಕೆಂಪು ಧೂಳು. ಒಂದೇ ಅಚ್ಚಿನಲ್ಲಿ ಹೊಯ್ದಂಥ ಸಾಲುಮನೆಗಳು, ನೆರಳಿಗೊಂದು ಮರವಿಲ್ಲ, ಬೀದಿ ಕೊನೆಯಲ್ಲೊಂದು ನಲ್ಲಿ, ಅದರಾಚೆಗೆ ರಾಗಿ ಹೊಲ. ನಮ್ಮವರು ಹತ್ತಿರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಪಾಳಿಯ ಕೆಲಸ. ಮನೆಗೆ ಬಂದರೆ ಉಣ್ಣುವುದು, ಗೋಡೆ ಕಡೆ ಮುಖ ಮಾಡಿ ಮಲಗುವುದು. ಅವರನ್ನು ದೂರುವುದಿಲ್ಲ, ಆ ವರ್ಷ ಅವರ ಹತ್ತಿರವೂ ಮಾತು ಇರಲಿಲ್ಲ.

ದಸರಾ ಕಳೆದ ಮೇಲೆ ತವರಿನಲ್ಲಿ ನನಗೆ ಹೆಣ್ಣುಮಗು ಹುಟ್ಟಿತ್ತು. ಎಂಟನೆಯ ದಿನ ಬೆಳಿಗ್ಗೆ ಹಾಲು ಹಿಡಿಯಲಿಲ್ಲ, ಸಂಜೆಗೆ ಹೋಯಿತು. ತೊಟ್ಟಿಲಿಗೆ ಹಾಕುವ ಶಾಸ್ತ್ರ ಹದಿಮೂರನೆಯ ದಿನಕ್ಕೆ ಗೊತ್ತಾಗಿತ್ತು. ಇನ್ನು ಐದು ದಿನ ಇದ್ದಿದ್ದರೆ ಮಗುವಿಗೊಂದು ಹೆಸರು ಇರುತ್ತಿತ್ತು. ಗಂಡಸರು ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದರು. ಎಲ್ಲಿ ಎಂದು ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಹಾಲು ಬತ್ತಲಿ ಎಂದು ಎದೆಗೆ ಮಲ್ಲಿಗೆ ಹೂ ಇಟ್ಟು ಕಟ್ಟಿದರು. ಸುದ್ದಿ ತಿಳಿದು ಬಂದ ಅತ್ತೆಯವರು ಪಕ್ಕದಲ್ಲಿ ಕೂತು, "ಹೆಸರಿಡದ ಕೂಸಿಗೆ ಅಳಬಾರದು ಕಣಮ್ಮ. ಮುಂದಿಂದಕ್ಕೆ ಆಗಿಬರಲ್ಲ" ಎಂದರು. ಅವರ ದನಿಯಲ್ಲಿ ಕೋಪವೇನೂ ಇರಲಿಲ್ಲ. ಆದರೆ ಆ ಮಾತು ಕಟ್ಟಪ್ಪಣೆಯಾಯಿತು.

ಎರಡು ತಿಂಗಳು ಕಳೆದು ಗಂಡನ ಮನೆಗೆ ಬಂದೆ. ಅಷ್ಟರಲ್ಲಿ ಎದುರು ಮನೆಯವರಿಂದ ಎರವಲು ತಂದಿದ್ದ ತೊಟ್ಟಿಲು ವಾಪಸು ಹೋಗಿತ್ತು. ನಾನು ಹೊಲಿದಿಟ್ಟಿದ್ದ ಕುಲಾವಿಗಳನ್ನು ಅತ್ತೆಯವರು ಎಲ್ಲೋ ಅಡಗಿಸಿದ್ದರು. ನಲ್ಲಿಯ ಹತ್ತಿರ ಯಾರಾದರೂ "ಮಗೂ ತವರಲ್ಲೇ ಇದೆಯಾ?" ಎಂದರೆ ಅತ್ತೆಯವರು ಮುಂದೆ ಬಂದು, "ಆಯ್ತು ಬಿಡಿ, ಅದೆಲ್ಲ ಯಾಕೀಗ" ಎಂದು ಬಿಂದಿಗೆ ಎತ್ತುತ್ತಿದ್ದರು. ಮನೆಯೊಳಗಂತೂ ಬಾಯಿತಪ್ಪಿಯೂ ಯಾರೂ ಆ ಮಾತು ಆಡುತ್ತಿರಲಿಲ್ಲ. ಒಂಬತ್ತು ತಿಂಗಳು ಹೊತ್ತು ಎಂಟು ದಿನ ಮೊಲೆಯೂಡಿಸಿದ್ದು ನನಗೆ ಬಿದ್ದ ಕನಸೇನೋ ಎಂಬಂತೆ ಎಲ್ಲರೂ ನಡೆದುಕೊಂಡರು. ನಾನೊಂದು ಹೆಸರು ಆರಿಸಿಟ್ಟಿದ್ದೆ. ಆರನೆಯ ತಿಂಗಳಲ್ಲೇ ಆರಿಸಿದ್ದು, ದೃಷ್ಟಿಯಾದೀತೆಂದು ಗಂಡನಿಗೂ ಹೇಳಿರಲಿಲ್ಲ. ನನಗೆ ಬೇಕಿದ್ದುದು ಇಷ್ಟೇ: ಅವಳು ಹುಟ್ಟಿದ್ದು ನಿಜ ಎಂದು ಆ ಮನೆಯಲ್ಲಿ ಯಾರಾದರೂ ಒಬ್ಬರು ಒಂದು ಸಲ ಬಾಯಿಬಿಟ್ಟು ಹೇಳಬೇಕು. ನಾನೇ ಬಾಯಿ ತೆಗೆಯುವ ತ್ರಾಣ ನನ್ನಲ್ಲಿರಲಿಲ್ಲ.

ನಾನು ಊಟ ಬಿಟ್ಟಿದ್ದು ನೋಡಿ ಅತ್ತೆಯವರು ಮಾವನವರಿಗೆ ಹೇಳಿದರಂತೆ, "ಊರು ಗೀರು ತೋರಿಸ್ಕೊಂಡು ಬನ್ನಿ ಅವಳಿಗೆ. ಮನಸ್ಸು ಹಗುರ ಆಗತ್ತೆ." ಕುರುಡನಿಗೆ ಕಣ್ಣು ಬಂದಂತಾಯಿತು ಅವರಿಗೆ. ಅಂದಿನಿಂದ ಪ್ರತಿ ಭಾನುವಾರ ಹೊರಟೆವು. ಕೋಟೆ ಬಾಗಿಲು ಒಂದು ವಾರ, ಲಾಲ್‌ಬಾಗಿನ ಬಂಡೆ ಇನ್ನೊಂದು ವಾರ, ಮ್ಯೂಸಿಯಮ್ಮಿನ ಮೂಗು ಮುರಿದ ವಿಗ್ರಹಗಳು, ಆಗ ಕಟ್ಟುತ್ತಿದ್ದ ವಿಧಾನಸೌಧ. ಮನಸ್ಸು ಹಗುರಾಯಿತೋ ಇಲ್ಲವೋ, ಕಾಲು ಮಾತ್ರ ಊದಿಕೊಂಡಿತು. ಅವರು ಹೇಳುತ್ತಿದ್ದರು, ನಾನು ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದೆ. ಸೊಂಟದಲ್ಲಿ ಇನ್ನೂ ಬಾಣಂತಿಯ ನೋವಿತ್ತು. ಬಾಣಂತಿ ಎಂದು ಯಾರೂ ಒಪ್ಪದ ಮೇಲೆ ಆ ನೋವನ್ನು ಯಾರ ಮುಂದೆ ಹೇಳುವುದು?

ಮಸೀದಿಗೆ ಹೋದದ್ದು ಸಂಕ್ರಾಂತಿಗೆ ಮುಂಚಿನ ಒಂದು ಭಾನುವಾರ. ಪೇಟೆಯೊಳಗೆ ಹಳೆಯದೊಂದು ಕಲ್ಲಿನ ಮಸೀದಿ ಇದೆ, ಮೊಗಲರ ಕಾಲದ್ದು, ನೋಡದೆ ಇರುವುದು ಅಪರಾಧ ಎಂದು ಮಾವನವರು ಎರಡು ದಿನದಿಂದ ಹೇಳುತ್ತಿದ್ದರು. "ತಲೆನೋವು" ಎಂದೆ. "ಗಾಳಿಗೆ ಹೋಗತ್ತೆ ಬಾಮ್ಮ" ಎಂದರು. ಮಾಗಡಿ ರೋಡಿನವರೆಗೆ ನಡೆದು, ಬಸ್ಸು ಹತ್ತಿ, ಮಾರ್ಕೆಟ್ಟಿನಲ್ಲಿ ಇಳಿದೆವು. ಅಲ್ಲಿಂದ ಪೇಟೆಯ ಗಲ್ಲಿಗಳು. ಕೈಗಾಡಿ, ಹತ್ತಿಮೂಟೆ, ಹಿತ್ತಾಳೆ ಬಡಿಯುವ ಸದ್ದು. ಮಾವನವರು ಮೂರು ಸಲ ದಾರಿ ತಪ್ಪಿದರು. ಮೂರು ಸಲವೂ, ಇದು ಬೇಕೆಂದೇ ಹಿಡಿದ ದಾರಿ ಎಂಬಂತೆ, ನಿಂತು ಆ ಬೀದಿಯ ಚರಿತ್ರೆ ಹೇಳಿದರು. ಕೋಪಕ್ಕೂ ಶಕ್ತಿ ಬೇಕು. ನನಗೆ ಅದೂ ಇರಲಿಲ್ಲ.

ಮಸೀದಿ ನಾನು ಅಂದುಕೊಂಡಷ್ಟು ದೊಡ್ಡದಲ್ಲ. ಕಲ್ಲಿನ ಕಂಬಗಳು, ತಂಪಾದ ಅಂಗಳ, ಕೈಕಾಲು ತೊಳೆಯುವ ನೀರಿನ ತೊಟ್ಟಿ. ಬಾಗಿಲಲ್ಲಿ ಮಾವನವರು ಚಪ್ಪಲಿ ಬಿಟ್ಟರು. ದೇವಸ್ಥಾನದ ಅಭ್ಯಾಸ ನೋಡಿ, ಶಾಲು ತೆಗೆದರು, ಕ್ಲೋಸ್ ಕಾಲರ್ ಕೋಟು ಬಿಚ್ಚಿದರು, ಕೊನೆಗೆ ತಲೆಯ ರುಮಾಲನ್ನೂ ತೆಗೆದು ಕೈಮುಗಿದು ನಿಂತರು. ಒಳಗಿನಿಂದ ಬಂದ ಕಾವಲಿನವನು ನಗು ತಡೆದುಕೊಂಡು, "ರುಮಾಲು ಹಾಕ್ಕೊಳ್ಳಿ ಸಾಹೇಬ್ರೇ. ಇಲ್ಲಿ ತಲೆ ಮುಚ್ಚೋದೇ ಮರ್ಯಾದೆ" ಎಂದ. ಮೂವತ್ತು ವರ್ಷ ಮೊಗಲರ ಪಾಠ ಮಾಡಿದವರು ಮುಖ ಕೆಂಪಗೆ ಮಾಡಿಕೊಂಡು ರುಮಾಲು ಸುತ್ತಿದರು. ನಾನು ಬಾಯಿಗೆ ಸೆರಗು ಅಡ್ಡ ಹಿಡಿದೆ. ಕೋಟಿನ ಜೇಬಿನಲ್ಲಿ ಪೆನ್ನು, ಕನ್ನಡಕದ ಡಬ್ಬಿ ಇದ್ದವು. ಬೀಳದಿರಲಿ ಎಂದು ಕೋಟನ್ನು ಸುರುಳಿ ಸುತ್ತಿ, ಮೇಲೆ ಶಾಲು ಹೊದಿಸಿ ನನ್ನ ಕೈಗೆ ಕೊಟ್ಟರು.

"ಅಮ್ಮಾವ್ರು ಇಲ್ಲೇ ಕೂತಿರ್ಲಿ. ಹೆಂಗಸ್ರೆಲ್ಲಾ ಇಲ್ಲೇ ಕೂರೋದು" ಎಂದ ಕಾವಲಿನವನು. ಬದುಕಿದೆಯಾ ಬಡಜೀವವೇ ಎಂದುಕೊಂಡು ಬಾಗಿಲ ಪಕ್ಕದ ಜಗಲಿಯ ಮೇಲೆ ಕುಸಿದೆ. ಮಾವನವರು ಶಾಸನ ಹುಡುಕುತ್ತ ಒಳಗೆ ಹೋದರು.

ಜಗಲಿಯ ಮೇಲೆ ಆಗಲೇ ಐದಾರು ಹೆಂಗಸರು ಕೂತಿದ್ದರು. ಬುರ್ಖಾದವರು ಇಬ್ಬರು, ಉಳಿದವರು ನಮ್ಮಂಥವರೇ, ಹಣೆಯಲ್ಲಿ ಕುಂಕುಮ, ಒಬ್ಬಳ ಹಣೆಯಲ್ಲಿ ವಿಭೂತಿ. ಎಲ್ಲರ ಮಡಿಲಲ್ಲೂ ಮಕ್ಕಳು. ನಮ್ಮೂರಿನಲ್ಲೂ ಈ ಪದ್ಧತಿ ಇತ್ತು. ರಚ್ಚೆ ಹಿಡಿದ ಮಗು, ಜ್ವರದ ಮಗುವನ್ನು ಎತ್ತಿಕೊಂಡು ತಾಯಂದಿರು ಸಂಜೆ ಮಸೀದಿ ಬಾಗಿಲಲ್ಲಿ ಕಾಯುತ್ತಿದ್ದರು. ನಮಾಜು ಮುಗಿಸಿ ಬರುವವರು ಏನೋ ಮಂತ್ರ ಹೇಳಿಕೊಂಡು ಮಗುವಿನ ಮುಖದ ಮೇಲೆ ಊದಿ ಹೋಗುತ್ತಿದ್ದರು. ಜಾತಿ ಯಾವುದೆಂದು ಊದುವವರೂ ಕೇಳುತ್ತಿರಲಿಲ್ಲ, ಊದಿಸಿಕೊಳ್ಳುವವರೂ ಕೇಳುತ್ತಿರಲಿಲ್ಲ.

ಚಳಿಗಾಳಿ ಬೀಸುತ್ತಿತ್ತು. ಜಗಲಿಯ ಮೇಲೆ ಧೂಳಿದ್ದುದರಿಂದ ಗಂಟನ್ನು ಕೆಳಗಿಡದೆ ಎದೆಗೆ ಒರಗಿಸಿಕೊಂಡಿದ್ದೆ. ಯಾವಾಗ ಅದನ್ನು ಹೆಗಲಿಗೆ ಹಾಕಿಕೊಂಡೆನೋ, ಯಾವಾಗ ಬೆನ್ನು ತಟ್ಟತೊಡಗಿದೆನೋ ತಿಳಿಯದು. ಪಕ್ಕದಲ್ಲಿ ಕೂತಿದ್ದ ಹೂ ಮಾರುವವಳು ಕೇಳಿದಾಗಲೇ ಎಚ್ಚರವಾದದ್ದು.

"ಎಷ್ಟು ತಿಂಗ್ಳಕ್ಕಾ?"

ಇದು ಕೋಟು ಎನ್ನಬಹುದಿತ್ತು. ಹಾಗೆಂದರೆ ಅವಳು ನಗುತ್ತಾಳೆ, ಮತ್ತೆ ಇಲ್ಲಿ ಯಾಕೆ ಕೂತಿದ್ದೀಯ ಎನ್ನುತ್ತಾಳೆ, ಅದಕ್ಕೊಂದು ಉತ್ತರ ಕೊಡಬೇಕು. ಅಷ್ಟೆಲ್ಲ ಮಾತಿಗೆ ನಾನು ತುಂಬ ಸುಸ್ತಾಗಿದ್ದೆ. "ಮೂರು" ಎಂದೆ. ಅದು ಸುಳ್ಳಲ್ಲ. ಇದ್ದಿದ್ದರೆ ಅಂದಿಗೆ ಅಷ್ಟೇ ಆಗುತ್ತಿತ್ತು.

"ಜ್ವರಾನಾ?"

ಹೂಂ ಎಂದೆ. "ಒಳಗಿರೋ ತಾತ ಬಂದು ಊದಿದ್ರೆ ಸರಿಹೋಗತ್ತೆ ಬಿಡಕ್ಕಾ. ನನ್ನ ಮಗ ನಾಕ್ ದಿನದಿಂದ ಕೆಮ್ಮಿ ಕೆಮ್ಮಿ..." ಎಂದು ಅವಳು ತನ್ನ ಪುರಾಣ ತೆಗೆದಳು.

ಒಳಗೆ ನಮಾಜು ಮುಗಿಯಿತು. ಹೆಂಗಸರೆಲ್ಲ ಎದ್ದು ಸಾಲಾಗಿ ನಿಂತರು. ಹೂವಿನವಳು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಬಿಳಿ ಗಡ್ಡದ, ದಪ್ಪ ಕನ್ನಡಕದ ಮುದುಕರೊಬ್ಬರು ಒಂದೊಂದೇ ಮಗುವಿನ ಮೇಲೆ ಬಗ್ಗಿ ಊದುತ್ತ ಬಂದರು. ಓಡಿಹೋಗಬೇಕೆನ್ನಿಸಿತು. ಎಲ್ಲರೆದುರು ಶಾಲು ಸರಿದರೆ ಹುಚ್ಚಿ ಎನ್ನುವುದಿಲ್ಲವೇ? ಅಷ್ಟರಲ್ಲಿ ಮುದುಕರು ನನ್ನೆದುರು ಬಂದು ನಿಂತರು.

"ಹೆಸ್ರು ಏನಮ್ಮಾ ಮಗೂದು?"

ಹೇಳಿಬಿಟ್ಟೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನದು. ನನ್ನ ದನಿಯಲ್ಲಿ ಅದನ್ನು ನಾನು ಕೇಳಿದ್ದೇ ಅದು ಮೊದಲು. ಎರಡೇ ಅಕ್ಷರ, ಹೇಳುವಷ್ಟರಲ್ಲಿ ಮುಗಿದುಹೋಯಿತು.

ಅವರು ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಂಡು ಮಗುವಿನ ತಲೆ ಇರಬೇಕಾದಲ್ಲಿ ಅಂಗೈ ಇಟ್ಟರು. ಅಲ್ಲಿದ್ದುದು ಕನ್ನಡಕದ ಡಬ್ಬಿ. ಕೈ ಅಲ್ಲೇ ನಿಂತಿತು, ತುಟಿಯೂ ನಿಂತಿತು. ಕಣ್ಣು ತೆರೆದು ನನ್ನ ಮುಖ ನೋಡಿದರು. ಬಯ್ಯುತ್ತಾರೆ ಎಂದುಕೊಂಡೆ. ಪಕ್ಕದವರಿಗೆ ಕೇಳದಂತೆ ದನಿ ತಗ್ಗಿಸಿ ಕೇಳಿದರು:

"ಎಷ್ಟು ದಿನ ಬದುಕಿತ್ತಮ್ಮಾ?"

"ಎಂಟು ದಿನ."

ಅವರು ಕೈ ತೆಗೆಯಲಿಲ್ಲ. ಬಿಟ್ಟಲ್ಲಿಂದ ಮತ್ತೆ ಹೇಳತೊಡಗಿ, ಉಳಿದ ಮಕ್ಕಳಿಗೆ ಹೇಳಿದ್ದಕ್ಕಿಂತ ಹೆಚ್ಚೇ ಹೊತ್ತು ಹೇಳಿ, ಶಾಲಿನ ಮೇಲೆ ಮೂರು ಸಲ ಊದಿದರು. ಆಮೇಲೆ ಮುಂದಿನ ಮಗುವಿನ ಹತ್ತಿರ ಹೋದರು.

ನಾನು ಅತ್ತುಬಿಟ್ಟೆ. ಮೂರು ತಿಂಗಳ ಅಳು, ಸದ್ದು ಮಾಡಿಕೊಂಡು, ಬೀದಿಯಲ್ಲಿ. ಹೂವಿನವಳು "ವಾಸಿಯಾಗತ್ತೆ ಬಿಡಕ್ಕಾ, ವಾಸಿಯಾಗತ್ತೆ" ಎಂದು ಬೆನ್ನು ಸವರುತ್ತಿದ್ದಳು. ಕಣ್ಣೊರೆಸಿಕೊಂಡು ತಲೆಯೆತ್ತಿದರೆ ಬಾಗಿಲಲ್ಲಿ ಮಾವನವರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ರುಮಾಲು ಒಂದು ಕಡೆಗೆ ವಾಲಿತ್ತು. ಹೆಸರು ಕೇಳಿಸಿಕೊಂಡಿದ್ದಾರೆ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಇಂಥ ಮನೆತನದ ಸೊಸೆ ಬೀದಿಯಲ್ಲಿ ರಂಪ ಮಾಡಿದಳೆಂದು ಅನ್ನಲಿ ಬಿಡಲಿ, ನನಗೆ ಯಾವುದೂ ಬೇಡವಾಗಿತ್ತು.

ಅವರು ಎರಡೂ ಕೈ ಚಾಚಿ ಗಂಟನ್ನು ತೆಗೆದುಕೊಂಡರು. ಕೋಟನ್ನು ಬಿಡಿಸಿ ತೊಟ್ಟುಕೊಳ್ಳಲಿಲ್ಲ, ಹಾಗೇ ತೋಳಿನ ಮೇಲೆ ಇಟ್ಟುಕೊಂಡು ನಡೆದರು. ದಾರಿಯುದ್ದಕ್ಕೂ ಚರಿತ್ರೆ ಇಲ್ಲ. ಬಸ್ಸಿನಲ್ಲಿ ತೆಳು ಷರ್ಟಿನಲ್ಲಿ ನಡುಗುತ್ತ ಕಿಟಕಿಯಾಚೆ ನೋಡುತ್ತಿದ್ದರು. ನನ್ನ ಮೈಯಲ್ಲಿ ಒಂದು ಹನಿ ಶಕ್ತಿ ಉಳಿದಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ನಮ್ಮವರು ಸಂಜೆ ಪಾಳಿಗೆ ಹೋಗಿದ್ದರು. ಅತ್ತೆಯವರು ಒಲೆಯ ಮೇಲೆ ಸಾರಿಟ್ಟುಕೊಂಡು ಕೂತಿದ್ದವರು ಗಂಡನ ಅವತಾರ ನೋಡಿ, "ಈ ಚಳೀಲಿ ಕೋಟು ಕೈಯಲ್ಲಿ ಹಿಡ್ಕೊಂಡು ಬಂದ್ರಾ? ಹಾಕ್ಕೊಳ್ಳೋಕೇನಾಗಿತ್ತು ನಿಮ್ಗೆ?" ಎಂದು ಶುರುಮಾಡಿದರು. ಮಾವನವರು ಅಡಿಗೆಮನೆಯ ಹೊಸ್ತಿಲಲ್ಲೇ ನಿಂತು ಮಗುವಿನ ಹೆಸರು ಹೇಳಿದರು. ತರಗತಿಯಲ್ಲಿ ಹಾಜರಿ ಕೂಗುವವರ ಹಾಗೆ, ಸ್ಪಷ್ಟವಾಗಿ.

"ಯಾರದು?" ಎಂದರು ಅತ್ತೆ.

"ನಮ್ಮ ಮಗೂದು ಕಣೇ. ಇವಳು ಇಟ್ಟಿದ್ದ ಹೆಸರು."

ಅತ್ತೆಯವರ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಈಗ ಬೈಗುಳ ಬೀಳುತ್ತದೆ, ಹೆಸರಿಡದ ಕೂಸು ಎಂಬ ಮಾತು ಮತ್ತೆ ಬರುತ್ತದೆ ಎಂದು ನಾನು ಗೋಡೆಗೆ ಒರಗಿ ಕಾದೆ. ಅವರು ನನ್ನ ಕಡೆ ನೋಡಲಿಲ್ಲ. ಒಲೆಯನ್ನೇ ನೋಡುತ್ತ ಅಂದರು:

"ನಾನು ಬೇರೆ ಅಂದ್ಕೊಂಡಿದ್ದೆ."

"ಏನಂತ?" ಎಂದೆ.

ಅವರು ಹೇಳಿದರು. ಅವರ ತಾಯಿಯ ಹೆಸರು, ಉದ್ದದ್ದು, ಕೊನೆಗೊಂದು ಅಮ್ಮ. ಎಂಥ ಹಳೇ ಹೆಸರು ಎಂದೆ ನಾನು, ಬಾಯಿ ಜಾರಿ. "ನಿಂದೇನು ಮಹಾ? ಎರಡಕ್ಷರ! ಕೂಗೋದ್ರೊಳಗೆ ಮುಗ್ದೇ ಹೋಗತ್ತೆ" ಎಂದರು ಅತ್ತೆ, ಕೆನ್ನೆ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ. ಉದ್ದದ ಹೆಸರಿಟ್ಟರೆ ಸ್ಕೂಲಿನಲ್ಲಿ ಮಕ್ಕಳು ಆಡಿಕೊಳ್ಳುತ್ತಾರೆ ಎಂದೆ. ದೊಡ್ಡೋರ ಹೆಸರಿಟ್ಟರೆ ಮಗು ಗಟ್ಟಿಯಾಗುತ್ತದೆ ಎಂದರು. ಸಾರು ಉಕ್ಕಿ ಒಲೆ ಆರುವವರೆಗೂ ನಾವಿಬ್ಬರೂ ಅವಳ ಹೆಸರಿಗಾಗಿ ಜಗಳವಾಡಿದೆವು.