ಟೈಲರಕ್ಕನ ಎದೆಯ ಚಿತ್ರ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಓದುವವರು ಕ್ಷಮಿಸಬೇಕು. ಶಾಲೆಯನ್ನು ನಡುವೆಯೇ ಬಿಟ್ಟವಳು. ಚೆಂದದ ಮಾತುಗಳೂ ಹೆಚ್ಚು ಗೊತ್ತಿಲ್ಲ. ಆದರೂ ಚಿಕ್ಕಮ್ಮನ ವಿಷಯ ಬರೆಯಲೇಬೇಕು ಅನ್ನಿಸಿದೆ.

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಅನ್ನುತ್ತಾರೆ. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯೇ ಅವಳ ಅಂಗಡಿ. ನಾನು ಅಲ್ಲಿ ಗುಂಡಿ ಹಚ್ಚುತ್ತೇನೆ, ಕಾಜಾ ಹೊಲಿಯುತ್ತೇನೆ. ಗುರುತು ಹಾಕುವ ಸೀಮೆಸುಣ್ಣ ಮೇಜಿನ ಮೇಲಿಟ್ಟರೆ ಬಟ್ಟೆಯಡಿ ಕಳೆದುಹೋಗುತ್ತದೆಂದು ಚಿಕ್ಕಮ್ಮ ಅದನ್ನು ರವಿಕೆಯೊಳಗೆ ಸಿಕ್ಕಿಸಿಕೊಳ್ಳುತ್ತಾಳೆ.

ಅವಳ ತಾಯಿ, ಅಂದರೆ ನಮ್ಮ ಅಜ್ಜಿ, ತೀರಿಕೊಂಡದ್ದು ಸ್ತನ ಕ್ಯಾನ್ಸರಿನಿಂದ. ಅದಕ್ಕೇ ಡಾಕ್ಟರು ಅವಳಿಗೆ ಮ್ಯಾಮೊಗ್ರಾಮ್ ಮಾಡಿಸಲು ಹೇಳಿದರು. ಎದೆಯನ್ನು ಎರಡು ಹಲಗೆಗಳ ನಡುವೆ ಒತ್ತಿ ತೆಗೆಯುವ ಎಕ್ಸ್-ರೇ ಅದು. ಹೊರಗೆ ಕುಳಿತಿದ್ದ ನನಗೆ ಒಳಗಿನ ಮಾತು ಕೇಳಿಸಿತು.

"ಅಮ್ಮಾ, ಪೌಡರ್ ಹಾಕ್ಕೊಂಡು ಬರಬೇಡಿ ಅಂದಿದ್ವಲ್ಲ? ಚಿತ್ರದ ತುಂಬ ಚುಕ್ಕೆ!" ಎಂದರು ಚಿತ್ರ ತೆಗೆಯುವಾಕೆ.

"ಪೌಡರ್ ಹಚ್ಚೋ ಮುಖಾನಾ ತಾಯಿ ಇದು? ಅದು ನನ್ನ ಸೀಮೆಸುಣ್ಣ!"

ಇಬ್ಬರೂ ನಕ್ಕರು. ಒರೆಸಿ ಮತ್ತೆ ತೆಗೆದರು.

ವರದಿ ನೋಡಿದ ಡಾಕ್ಟರು, "ಗಂಟೇನೂ ಕಾಣ್ತಿಲ್ಲ. ಆದ್ರೆ ಸಾಂದ್ರತೆ ಜಾಸ್ತಿ, ಚಿತ್ರ ಪೂರ್ತಿ ಬೆಳ್ಳಗಿದೆ. ಅಲ್ಟ್ರಾಸೌಂಡೂ ಮಾಡಿಸಿಬಿಡಿ" ಎಂದರು.

ಚಿಕ್ಕಮ್ಮನಿಗೆ ಬಿಳಿ ಎಂದರೆ ಸುಣ್ಣವೇ. ಮನೆಗೆ ಬಂದವಳೇ ಸೀಮೆಸುಣ್ಣವನ್ನು ಡಬ್ಬಕ್ಕೆ ಹಾಕಿ, ಮೈ ಉಜ್ಜಿ ಉಜ್ಜಿ ಸ್ನಾನ ಮಾಡಿದಳು.

"ಅವತ್ತು ಸರಿಯಾಗಿ ಒರೆಸಿರಲಿಲ್ಲ ಕಣೇ. ಈಗ ಹೋಯ್ತು ಬಿಡು. ಇನ್ನೊಂದು ಪರೀಕ್ಷೆಗೆ ಅಂತ ಹೋದ್ರೆ ಈ ರಾಶಿ ಬಟ್ಟೆ ನೀನು ಹೊಲೀತೀಯಾ?"

ಅಲ್ಟ್ರಾಸೌಂಡಿನ ದಿನ ಅವಳು ಹೊಲಿಗೆ ಯಂತ್ರ ಬಿಟ್ಟು ಏಳಲೇ ಇಲ್ಲ.

ಹೊಸಬರೆದುರು ನನಗೆ ಮಾತೇ ಬರುವುದಿಲ್ಲ. ಆದರೆ ಅಜ್ಜಿಯ ನೆನಪಾಯಿತು. ಒಬ್ಬಳೇ ಹೋಗಿ ಚಿತ್ರ ತೆಗೆಯುವಾಕೆಯನ್ನು ಕೇಳಿದೆ. ಅವರು ಬೇಸರಿಸದೆ ಹೇಳಿದರು. ಚಿತ್ರದಲ್ಲಿ ಕೊಬ್ಬು ಕಪ್ಪಾಗಿ ಕಾಣುತ್ತದೆ. ಗ್ರಂಥಿ, ನಾರು ಬೆಳ್ಳಗೆ. ಬಿಳಿ ಎಷ್ಟಿದೆ ಎಂದು ನೋಡಿಯೇ ಸಾಂದ್ರತೆ ಅಳೆಯುತ್ತಾರೆ, ಕೈಯಲ್ಲಿ ಮುಟ್ಟಿದರೆ ತಿಳಿಯದು. ಅದು ರೋಗವಲ್ಲ, ಬಹಳ ಹೆಂಗಸರಲ್ಲಿ ಇರುತ್ತದೆ. ಆದರೆ ಗಂಟೂ ಬೆಳ್ಳಗೇ ಕಾಣುವುದರಿಂದ ಅದರೊಳಗೆ ಅಡಗಿಬಿಡಬಹುದು. ಅಂಥದ್ದು ಅಲ್ಟ್ರಾಸೌಂಡಿನಲ್ಲಿ ಬೇರೆಯಾಗಿ ಕಾಣಬಹುದು.

ಸಂಜೆ ಒರಟು ಬಿಳಿ ಬಟ್ಟೆಯಲ್ಲಿ ಬಿಳಿ ದಾರದ ಗಂಟೊಂದನ್ನು ಹಾಕಿ ಚಿಕ್ಕಮ್ಮನ ಮುಂದೆ ಹಿಡಿದೆ.

"ಮುಟ್ಟದೆ, ಗಂಟೆಲ್ಲಿದೆ ಹೇಳು."

ಕಣ್ಣು ಕಿರಿದು ಮಾಡಿದಳು. ಕನ್ನಡಕ ಹಾಕಿದಳು. "ಎಲ್ಲಿಟ್ಟಿದ್ದೀಯೇ ಕಳ್ಳಿ?"

"ಡಾಕ್ಟರಿಗೂ ಹೀಗೇ ಚಿಕ್ಕಮ್ಮ. ಅದು ಸುಣ್ಣ ಅಲ್ಲ, ನಿನ್ನ ಮೈಯೇ ಹಾಗೆ. ಉಜ್ಜಿದ್ರೆ ಹೋಗಲ್ಲ."

ಅವಳು ಕತ್ತರಿ ಕೆಳಗಿಟ್ಟಳು. "ನಿನಗೆ ಬಾಯೇ ಇಲ್ಲ ಅಂದ್ಕೊಂಡಿದ್ನಲ್ಲೇ! ಆಯ್ತು, ನಾಳೇನೇ ಹೋಗೋಣ."

ಅಲ್ಟ್ರಾಸೌಂಡಿನಲ್ಲಿ ಒಂದು ಸಣ್ಣ ನೀರುಗುಳ್ಳೆ ಕಂಡಿತು. ಅದರಿಂದ ತೊಂದರೆಯಿಲ್ಲ, ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದರು. ಹೊರಗೆ ಬಂದ ಚಿಕ್ಕಮ್ಮ ಬೀದಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ನನ್ನ ಅಮ್ಮನೂ ಅಜ್ಜಿಯ ಮಗಳೇ. ಆದರೆ ನಾಳೆ, ನಾಡಿದ್ದು ಎನ್ನುತ್ತ ಒಮ್ಮೆಯೂ ಪರೀಕ್ಷೆ ಮಾಡಿಸಿಲ್ಲ. ಸೋಮವಾರ ನಾನು ಅವಳನ್ನು ಕರೆದುಕೊಂಡು ಹೋಗುತ್ತೇನೆ.